ಕಾಯುವುದನ್ನು ಕಲಿತ ಇಲಿಗಳು

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮಿಕ್ಕವರಿಗೆಲ್ಲ ಅವನು ಹತ್ತಿಕೈ. ಆ ಹೆಸರಿಟ್ಟವನು ಒಬ್ಬ ಕೋಳಿ ಅಂಗಡಿಯ ಯಜಮಾನ, ಅದೂ ಪ್ರೀತಿಯಿಂದ ಇಟ್ಟದ್ದಲ್ಲ. ಮೀಸೆ ಮೂಡುವ ವಯಸ್ಸಿಗೆ ಅಲ್ಲಿ ಕೆಲಸಕ್ಕೆ ಸೇರಿದವನಿಗೆ ಕತ್ತಿ ಹಿಡಿದರೆ ಸಾಕು, ಕೈ ನಡುಗುತ್ತಿತ್ತು. "ಇವನ ಕೈಯಲ್ಲಿ ಮೂಳೆ ಇಲ್ಲ ಕಣ್ರೀ, ಬರೀ ಹತ್ತಿ ತುಂಬಿದೆ" ಎಂದು ಯಜಮಾನ ಗಿರಾಕಿಗಳ ಮುಂದೆ ಆಡಿಕೊಂಡು ನಕ್ಕ. ಹೆಸರು ಅಂಟಿಕೊಂಡಿತು.

ಯಜಮಾನ ನಗುವುದರ ಜೊತೆಗೆ ವ್ಯಾಪಾರವನ್ನೂ ಬಲ್ಲವನು. ರೆಕ್ಕೆ ಬಡಿದು ಕೂಗಾಡುವ ಕೋಳಿಯನ್ನು ಹತ್ತಿಕೈ ಕಂಕುಳಲ್ಲಿ ಅವುಚಿಕೊಂಡು ಕತ್ತಿನ ಕೆಳಗೆ ಸವರಿದರೆ ಅದು ಕಣ್ಣು ಮುಚ್ಚಿ ತೂಕಡಿಸುತ್ತದೆ ಎಂಬುದು ಬೇಗ ಅವನ ಕಣ್ಣಿಗೆ ಬಿತ್ತು. ಗಲಾಟೆ ಮಾಡದ ಕೋಳಿಯನ್ನು ಕುಯ್ಯುವುದು ಸಲೀಸು. ಅಂದಿನಿಂದ ಹತ್ತಿಕೈಯ ಕೆಲಸ ಅದೇ ಆಯಿತು, ಮಲಗಿಸಿ ಕೊಡುವುದು. ಕತ್ತಿ ಹಿಡಿಯುವವನು ಬೇರೆ, ಆದರೂ ಪಾಪದಲ್ಲಿ ತನ್ನ ಪಾಲೂ ಇದೆ ಎಂದು ಹತ್ತಿಕೈಗೆ ಅನಿಸುತ್ತಿತ್ತು. ಸಂಜೆ ಮನೆಗೆ ಬಂದು ಎಷ್ಟು ಸಲ ತೋಳು ತೊಳೆದರೂ ಒಂದು ಬಿಸುಪು ಅಲ್ಲೇ ಕೂತಿರುತ್ತಿತ್ತು. "ನೀರಿನ ಬಿಲ್ಲು ಯಾರು ಕಟ್ತಾರೆ?" ಎಂದು ಹೊಸದಾಗಿ ಬಂದ ಹೆಂಡತಿ ಗೊಣಗುತ್ತಿದ್ದಳು, ಆಮೇಲೆ ತಾನೇ ಚೊಂಬು ಹಿಡಿದು ನೀರು ಹಾಕುತ್ತಿದ್ದಳು.

ಡಾಕ್ಟರಮ್ಮ ಅವನನ್ನು ಕಂಡದ್ದು ಆ ಅಂಗಡಿಯಲ್ಲೇ. ರೋಗ ನೋಡುವ ಡಾಕ್ಟರಲ್ಲ, ಮೆದುಳಿನ ಮೇಲೆ ಓದಿ ಡಾಕ್ಟರಾದವಳು. ಪಕ್ಕದ ರಸ್ತೆಯ ಸಂಶೋಧನಾ ಸಂಸ್ಥೆಯಲ್ಲಿ ಇಲಿಗಳನ್ನಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಕೋಳಿ ಕೊಳ್ಳಲು ಬಂದವಳು ಹತ್ತಿಕೈಯ ಕಂಕುಳಲ್ಲಿ ನಿದ್ದೆ ಹೋದ ಹುಂಜವನ್ನು ನೋಡಿ, ತಂದ ಚೀಲವನ್ನು ಮಡಿಸಿ ಕೈಯಲ್ಲೇ ಇಟ್ಟುಕೊಂಡಳು.

"ಅಣ್ಣ, ನಮ್ಮಲ್ಲಿ ಇಲಿ ನೋಡ್ಕೊಳ್ಳೋಕೆ ಒಬ್ರು ಬೇಕು. ಬರ್ತೀರಾ?"

"ಅಲ್ಲೂ ಕೊಲ್ಲೋದೇ ಅಲ್ವಾ?" ಎಂದ ಹತ್ತಿಕೈ. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ನಿಂತು, ಯಾರಿಗೂ ಹೇಳದಿದ್ದದ್ದನ್ನೆಲ್ಲ ಅವಳಿಗೆ ಹೇಳಿದ. ಮಲಗಿಸಿ ಕೊಡುವುದು, ತೋಳಿನ ಬಿಸುಪು, ಎಲ್ಲ. "ಸಾಯೋ ಪ್ರಾಣಿನ ನಾನು ಸಾಕಲ್ಲ. ಅದೊಂದು ಮಾತು ಕೊಟ್ರೆ ಬರ್ತೀನಿ."

ಅವಳು ಮಡಿಸಿದ ಚೀಲವನ್ನು ಬಿಚ್ಚಿ ಮತ್ತೆ ಮಡಿಸಿದಳು. "ಬೇರೆಯವರ ಇಲಿಗಳ ವಿಷಯ ಗೊತ್ತಿಲ್ಲ ಅಣ್ಣ. ನಮ್ಮವು ಪಾಠ ಕಲಿತ ಇಲಿಗಳು. ಅಷ್ಟು ಕಷ್ಟಪಟ್ಟು ಕಲಿಸಿದ್ಮೇಲೆ ಯಾರಾದ್ರೂ ಕೊಲ್ತಾರಾ? ಕೆಲಸ ಮುಗಿದ್ಮೇಲೆ ಬೇರೆ ಊರಿನ ಸಂಸ್ಥೆಗೆ ಕಳಿಸ್ತೀವಿ. ಅಲ್ಲಿ ಮುದಿಯಾಗೋವರೆಗೂ ಇರ್ತಾವೆ."

ಹೀಗೆ ಹತ್ತಿಕೈ ಕತ್ತಿಯ ಸಹವಾಸ ಬಿಟ್ಟು ಇಲಿಗಳ ಮನೆಗೆ ಬಂದ. ಅದು ಕಟ್ಟಡದ ನೆಲಮಹಡಿ. ಕಿಟಕಿ ಇಲ್ಲದ ಉದ್ದನೆಯ ಕೋಣೆ, ಗೋಡೆಗುಂಟ ಪಾರದರ್ಶಕ ಪೆಟ್ಟಿಗೆಗಳ ಸಾಲು, ಮರದ ಹೊಟ್ಟಿನ ವಾಸನೆ, ಸದಾ ಗುಂಯ್‌ಗುಡುವ ಗಾಳಿಯಂತ್ರ. ಪ್ರಯೋಗಾಲಯ ಮೇಲಿನ ಮಹಡಿ. ಕೆಳಗಿನವರು ಮೇಲೆ ಹೋಗಬಾರದೆಂದು ನಿಯಮ. ಪ್ರಾಣಿಗಳ ಕೂದಲು, ಧೂಳು ಅಲ್ಲಿಗೆ ಹೋಗಬಾರದಂತೆ. ಹತ್ತಿಕೈಗೂ ಮೇಲೆ ಹೋಗಿ ಆಗಬೇಕಾದ್ದೇನೂ ಇರಲಿಲ್ಲ.

ಹೊಸ ಇಲಿಗಳು ಬಂದ ದಿನದಿಂದ ಅವನ ಕೆಲಸ ಶುರು. ಮುಟ್ಟಲು ಹೋದರೆ ಮೂಲೆ ಸೇರುವ, ಕಚ್ಚುವ ಮರಿಗಳನ್ನು ದಿನಾ ಕೈಗೆತ್ತಿಕೊಂಡು, ಏಪ್ರನ್ನಿನ ಮೇಲೆ ಓಡಾಡಲು ಬಿಟ್ಟು ಹದಕ್ಕೆ ತರಬೇಕು. ಪೆಟ್ಟಿಗೆ ತೆಗೆಯುವ ಮುಂಚೆ ಅವನು ಒಂದೇ ಮಾತು ಹೇಳುತ್ತಿದ್ದ, "ತಾಳು, ಬಂದೆ." ಒಂದೆರಡು ವಾರದಲ್ಲಿ ಆ ಮಾತಿಗೆ ಇಡೀ ಸಾಲು ಮುಂಗಾಲೆತ್ತಿ ನಿಲ್ಲುತ್ತಿತ್ತು.

ಆಮೇಲಿನ ಪಾಠ ಡಾಕ್ಟರಮ್ಮನದು, ಮೇಲಿನ ಮಹಡಿಯಲ್ಲಿ. ಪಾಠದ ಪೆಟ್ಟಿಗೆಯಲ್ಲಿ ಗಂಟೆ ಬಡಿಯುವ ಸದ್ದು, ಗೋಡೆಯಲ್ಲಿ ಒತ್ತಲು ಒಂದು ಪುಟ್ಟ ಕಬ್ಬಿಣದ ಪಟ್ಟಿ. ಗಂಟೆ ಬಡಿದ ಮೇಲೆ, ನಿಧಾನವಾಗಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಕಾದು ಪಟ್ಟಿ ಒತ್ತಿದರೆ ಒಂದು ಹನಿ ಸಕ್ಕರೆ ನೀರು. ಆತುರಪಟ್ಟರೆ ಏನೂ ಇಲ್ಲ. ಗಡಿಯಾರ ನೋಡಲು ಬಾರದ ಇಲಿ ಆ ಹೊತ್ತನ್ನು ತನ್ನೊಳಗೇ ಅಳೆದು ಸರಿಯಾಗಿ ಒತ್ತುತ್ತದೆಂದು ಅವಳ ಬಾಯಿಂದ ಕೇಳಿ ಹತ್ತಿಕೈ ಮೊದಲ ಸಲ ಮೂಗಿನ ಮೇಲೆ ಬೆರಳಿಟ್ಟ.

"ಮೆದುಳಲ್ಲಿ ಡೋಪಮಿನ್ ಅಂತ ಒಂದಿದೆ ಅಣ್ಣ," ಎಂದು ಡಾಕ್ಟರಮ್ಮ ಕಾಫಿ ಹೀರುತ್ತ ವಿವರಿಸಿದ್ದಳು. "ಅದು ಜಾಸ್ತಿಯಾಗೋ ಔಷಧಿ ಕೊಟ್ರೆ ಇಲಿಯ ಒಳಗಿನ ಗಡಿಯಾರ ಓಡುತ್ತೆ. ಹೊತ್ತಾಗೋ ಮುಂಚೆನೇ ಹೊತ್ತಾಯ್ತು ಅಂತ ಪಟ್ಟಿ ಒತ್ತಿಬಿಡುತ್ತೆ. ಅದನ್ನ ತಡೆಯೋ ಔಷಧಿ ಕೊಟ್ರೆ ಗಡಿಯಾರ ಕುಂಟುತ್ತೆ. ಹೊತ್ತು ಮೀರಿದ್ರೂ ಇನ್ನೂ ಕಾಯ್ತಾ ಕೂರುತ್ತೆ."

"ಹಾಗಾದ್ರೆ ನನ್ನ ಹೆಂಡ್ತಿಗೆ ಅದು ಜಾಸ್ತಿನೇ ಇರ್ಬೇಕು ಕಣಮ್ಮ. ನಾನು ಚಪ್ಪಲಿ ಹಾಕೋ ಮುಂಚೆನೇ ಲೇಟಾಯ್ತು ಅಂತಾಳೆ."

ಡಾಕ್ಟರಮ್ಮ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ಅವಳು ಹಾಗೆ ನಗುವವಳು. ಹಮ್ಮು ಬಿಮ್ಮು ಇಲ್ಲ, ಅಣ್ಣ ಎಂದರೆ ಬಾಯ್ತುಂಬ ಅಣ್ಣ. ತನ್ನನ್ನು 'ನೀನು' ಎನ್ನಬೇಕೆಂದು ಹಟ ಹಿಡಿದು ಅನ್ನಿಸಿಕೊಂಡವಳು. ಹತ್ತಿಕೈಯ ಮಗಳ ಮದುವೆಯಲ್ಲಿ ಬಡಿಸಲು ನಿಂತವಳು, ಜ್ವರ ಬಂದರೆ ಅವನ ಮನೆಗೇ ಬಂದು ಅನ್ನ ಸಾರು ಉಂಡು ಅಲ್ಲೇ ಚಾಪೆಯ ಮೇಲೆ ಮಲಗಿ ಎದ್ದು ಹೋಗುತ್ತಿದ್ದವಳು. ಒಡಹುಟ್ಟಿದ ತಂಗಿ ಇಲ್ಲದ ಕೊರತೆ ಅವನಿಗೆ ಮರೆತೇಹೋಗಿತ್ತು.

ಏಪ್ರನ್ನಿನದು ಒಂದು ಪದ್ಧತಿ. ಮಾರುಕಟ್ಟೆಯ ಏಪ್ರನ್ ಒರಟು, ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆಂದು ಹೆಂಡತಿಯೇ ಹಳೆಯ ಮೆತ್ತನೆ ಬಟ್ಟೆಯಲ್ಲಿ ಹೊಲಿದು ಕೊಡುತ್ತಿದ್ದಳು. ಹೊಟ್ಟೆಯ ಮೇಲೆ ದೊಡ್ಡ ಜೇಬು, ಅಂಚಿಗೆ ಕೆಂಪು ದಾರ. ಒಂದು ಗುಂಪಿನ ಇಲಿಗಳ ಕೆಲಸ ಮುಗಿಯುವ ದಿನ ಡಾಕ್ಟರಮ್ಮ ಕೆಳಗೆ ಬಂದು, ಒಗೆಯದ ಆ ಏಪ್ರನ್ನನ್ನು ಕವರಿಗೆ ಹಾಕಿಸಿಕೊಂಡು ಹೋಗುತ್ತಿದ್ದಳು. "ಹಳೇದ್ರಲ್ಲಿ ಕ್ರಿಮಿ ಇರುತ್ತೆ ಅಣ್ಣ, ಸುಡಬೇಕು, ನಿಯಮ." ಒಗೆದೇ ಕೊಡುತ್ತೇನೆಂದರೂ ಬೇಡ ಎನ್ನುತ್ತಿದ್ದಳು. ಸುಡುವ ಬಟ್ಟೆಯನ್ನು ಒಗೆಯುವುದು ದಂಡ ತಾನೆ? ಹತ್ತಿಕೈಗೆ ಸರಿಯೆನಿಸಿತ್ತು. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವನಿಗೆ ಎಲ್ಲವೂ ಸರಿಯೆನಿಸುತ್ತದೆ.

ಕಳಿಸಿದ ಇಲಿಗಳ ಸುದ್ದಿಯನ್ನೂ ಅವಳು ತಪ್ಪದೆ ತರುತ್ತಿದ್ದಳು. "ಅಣ್ಣ, ನಿಮ್ಮ ಆತುರಗಾರ ಅಲ್ಲಿ ಚೆನ್ನಾಗಿ ತಿಂದು ಗುಡಾಣದ ಹಾಗಾಗಿದಾನಂತೆ." "ಕಿವಿಹರುಕ ಅಲ್ಲಿ ಎಲ್ಲರ ಮೇಲೂ ಯಜಮಾನಿಕೆ ಮಾಡ್ತಾನಂತೆ." ಹತ್ತಿಕೈ ರಾತ್ರಿಯೂಟಕ್ಕೆ ಕೂತಾಗ ಅದನ್ನೆಲ್ಲ ಹೆಂಡತಿಗೆ ಒಪ್ಪಿಸುತ್ತಿದ್ದ. "ನೆಂಟರಿಷ್ಟರ ಕ್ಷೇಮಸಮಾಚಾರ ಇಷ್ಟು ಇಲ್ಲಪ್ಪ ನಮ್ಮನೇಲಿ" ಎಂದು ಅವಳು ಕೆಣಕುತ್ತಿದ್ದಳು. ಆದರೆ ಒಂದು ದಿನ ಹೇಳದಿದ್ದರೆ ತಾನೇ ಕೇಳುತ್ತಿದ್ದಳು. ಒಂದು ಸಲ ಆ ಊರಿಗೆ ಕರೆದುಕೊಂಡು ಹೋಗು ಎಂದು ಹತ್ತಿಕೈ ಕೇಳಿದಾಗಲೆಲ್ಲ ಡಾಕ್ಟರಮ್ಮ "ಮುಂದಿನ ಸಲ ಖಂಡಿತ" ಎನ್ನುತ್ತಿದ್ದಳು. ಆ ಮುಂದಿನ ಸಲಕ್ಕೆ ಕಾಯುತ್ತ ಅವನ ಕೂದಲು ನೆರೆಯಿತು.

ಹಾಗೆ ಒಂದು ವರ್ಷದ ಗುಂಪಿನಲ್ಲಿ ಒಂದು ಹೆಣ್ಣಿಲಿ ಇತ್ತು. ಅದಕ್ಕೆ ಅವನಿಟ್ಟ ಹೆಸರು ತಾಳ್ಮೆ. ಯಾವ ಔಷಧಿ ಕೊಟ್ಟರೂ ಅದು ಮಿಕ್ಕವುಗಳಷ್ಟು ಆತುರಪಡುತ್ತಿರಲಿಲ್ಲವಂತೆ. ಪಾಠ ಮುಗಿಸಿ ಕೆಳಗೆ ಬಂದರೆ ಸೀದಾ ಅವನ ತೋಳು ಹತ್ತಿ, ಹೊಟ್ಟೆಯ ಮೇಲಿನ ಜೇಬಿಗಿಳಿದು ಮಲಗುತ್ತಿತ್ತು. ಅವನು ಅದನ್ನು ಹಾಗೇ ಹೊತ್ತುಕೊಂಡು ಮಿಕ್ಕ ಪೆಟ್ಟಿಗೆಗಳನ್ನು ತೊಳೆಯುತ್ತಿದ್ದ. ಅದನ್ನು ಮಾತ್ರ ಬೇರೆ ಊರಿಗೆ ಕಳಿಸಲು ಮನಸ್ಸಾಗದೆ, ಹೆಂಡತಿಯನ್ನು ಒಪ್ಪಿಸಿ, ಮನೆಯ ಹಿತ್ತಲಲ್ಲಿ ಗೂಡು ಕಟ್ಟಿ, ಡಾಕ್ಟರಮ್ಮನ ಮುಂದೆ ನಿಂತ.

"ಇದೊಂದನ್ನ ನಂಗೆ ಕೊಟ್ಬಿಡು ತಾಯಿ. ನಾನು ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ."

"ಹೊರಗೆ ಕೊಡೋಕೆ ನಿಯಮ ಇಲ್ಲ ಅಣ್ಣ." ಅವಳು ಅವನ ಮುಖ ನೋಡದೆ ತಾಳ್ಮೆಯ ಬೆನ್ನು ಸವರಿದಳು. "ಅಲ್ಲಿ ನಿಮ್ಮ ಗೂಡಿಗಿಂತ ದೊಡ್ಡ ಜಾಗ ಇದೆ. ನಾನೇ ಜೋಪಾನವಾಗಿ ಕಳಿಸ್ತೀನಿ."

ಕಳಿಸುವ ದಿನ ಹತ್ತಿಕೈ ತಾಳ್ಮೆಯನ್ನು ಬೆಳಗಿನಿಂದ ಜೇಬಿನಲ್ಲೇ ಇಟ್ಟುಕೊಂಡ. ದಾರಿಗಿರಲೆಂದು ಒಂದಿಷ್ಟು ಸೂರ್ಯಕಾಂತಿ ಬೀಜವನ್ನೂ ಜೇಬಿಗೆ ಹಾಕಿದ್ದ. ಮಧ್ಯಾಹ್ನ ಡಾಕ್ಟರಮ್ಮ ಬಂದಳು. ಇಲಿಯನ್ನು ಪೆಟ್ಟಿಗೆಗೆ ಬಿಟ್ಟು, ಏಪ್ರನ್ ಬಿಚ್ಚಿ ಕವರಿಗೆ ಹಾಕಿ ಎರಡನ್ನೂ ಅವಳ ಕೈಗಿಟ್ಟ. "ಬೀಜ ಜೇಬಲ್ಲಿದೆ, ಕೊಟ್ಟು ಕಳಿಸು" ಎಂದ. ಬಾಗಿಲು ಮುಚ್ಚಿಕೊಂಡ ಮೇಲೆ ಅಂಗಿ ತೊಡುವಾಗ ಅವನಿಗೆ ನೆನಪಾಯಿತು: ಮನೆಯ ಬೀಗದ ಕೈಯೂ ಅದೇ ಜೇಬಿನಲ್ಲಿತ್ತು. ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಬಟ್ಟೆ ಸುಟ್ಟರೆ ಬೀಗದ ಕೈ ಗತಿ ಏನು? ಮಿಕ್ಕ ಪೆಟ್ಟಿಗೆಗಳನ್ನು ತೊಳೆದು ಮುಗಿಸುವವರೆಗೂ ಅದನ್ನೇ ಯೋಚಿಸಿದ. ನಿಯಮ ಹಾಳಾಗಲಿ ಎಂದು ಕೊನೆಗೆ ಮೆಟ್ಟಿಲು ಹತ್ತಿದ.

ಮೇಲೆ ಬಾಗಿಲು ತೆರೆದವಳು ಹೊಸದಾಗಿ ಸೇರಿದ ಸಹಾಯಕಿ. ಬಾಯಿಬಡುಕಿ, ಒಳ್ಳೆಯವಳು.

"ನೀವೇನಾ ಹತ್ತಿಯಣ್ಣ! ಬನ್ನಿ ಬನ್ನಿ. ನಿಮ್ಮ ಬಟ್ಟೆ ಇಲ್ದೆ ನಮ್ಮ ಕೆಲಸವೇ ಆಗಲ್ಲ ಅಂತ ಮೇಡಂ ಹೇಳ್ತಾನೇ ಇರ್ತಾರೆ."

"ಬಟ್ಟೆನಾ? ಸುಟ್ಟಾಯ್ತಾ? ಅದರಲ್ಲಿ ನನ್ನ ಬೀಗದ ಕೈ ಇದೆ."

"ಸುಡೋದ್ಯಾಕೆ? ಅಲ್ಲೇ ಪೆಟ್ಟಿಗೆಯಲ್ಲಿದೆ ನೋಡಿ. ಗ್ಯಾಸ್ ಈಗ ತಾನೇ ನಿಲ್ಸಿದೀನಿ, ಮುಚ್ಚಳ ತೆಗೀಬಹುದು." ಅವಳು ಕೈಗವಸು ಎಳೆದುಕೊಳ್ಳುತ್ತ ಹೇಳುತ್ತಲೇ ಇದ್ದಳು. "ಬೇರೆ ಕೋಣೆಯ ಇಲಿಗಳು ಈ ಪೆಟ್ಟಿಗೆಗೆ ಹಾಕಿದ್ರೆ ಸಾಕು, ಹುಚ್ಚೆದ್ದು ಕುಣೀತಾವೆ. ಹೆದರಿದ್ರೆ ಮೆದುಳಲ್ಲಿ ಡೋಪಮಿನ್ ಉಕ್ಕಿಬಿಡುತ್ತೆ, ಆಮೇಲೆ ಸೀಳಿ ನೋಡಿದ್ರೆ ಲೆಕ್ಕ ಎಲ್ಲ ಏರುಪೇರು. ನಿಮ್ಮವು ಹಾಗಲ್ಲ. ನಿಮ್ಮ ಬಟ್ಟೆ ಹಾಸಿದ್ರೆ ಆ ವಾಸನೆಗೆ ಮಕ್ಕಳ ಹಾಗೆ ಮಲಗ್ತಾವೆ. ಇವತ್ತಿನ ಇಲಿಯಂತೂ ಪಾಪ, ಇಲ್ಲಿ ಪಟ್ಟಿ ಇಲ್ಲ ಅಂತ ಗೊತ್ತಾಗ್ದೆ ಗೋಡೆನೇ ಒತ್ತುತಾ ಇತ್ತು. ಒತ್ತೋದು, ಕಾಯೋದು, ಒತ್ತೋದು, ಕಾಯೋದು. ಆಮೇಲೆ ಎಲ್ಲಿ ಹೋಯ್ತೋ ಕಾಣ್ತಿಲ್ಲ."

ಕೆಂಪು ದಾರದ ಅಂಚು ಅವನಿಗೆ ದೂರದಿಂದಲೇ ಕಂಡಿತು. ಅವಳು ಮುಚ್ಚಳ ತೆಗೆದಳು. ಹತ್ತಿಕೈ ಬೀಗದ ಕೈಗೆಂದು ಜೇಬಿಗೆ ಕೈ ಹಾಕಿದ. ಬೀಗದ ಕೈ ಅಲ್ಲಿತ್ತು, ಬೀಜವೂ ಇತ್ತು, ಅವೆರಡನ್ನೂ ಅವುಚಿಕೊಂಡು ತಾಳ್ಮೆ ಮಲಗಿತ್ತು. ಇನ್ನೂ ಬೆಚ್ಚಗಿತ್ತು. ಕೋಳಿ ಅಂಗಡಿ ಬಿಟ್ಟ ಮೇಲೆ ಮರೆತೇಹೋಗಿದ್ದ ಆ ಬಿಸುಪು ಅವನ ಅಂಗೈಗೆ ಮತ್ತೆ ಬಂದು ಕೂತಿತು.

ಹಿಂದಿನಿಂದ ಡಾಕ್ಟರಮ್ಮ ಬಂದು ನಿಂತದ್ದು ಗೊತ್ತಾಯಿತು. ಸಹಾಯಕಿ ಇಬ್ಬರ ಮುಖ ನೋಡಿ, ತಾನೇನೋ ಎಡವಟ್ಟು ಮಾಡಿದೆನೆಂದು ಅರ್ಥವಾಗಿ ಹೊರಗೆ ನಡೆದಳು.

"ಆತುರಗಾರ ಗುಡಾಣದ ಹಾಗಾಗಿದಾನೆ ಅಂದ್ಯಲ್ಲ," ಎಂದ ಹತ್ತಿಕೈ. ಅವನ ಬಾಯಿಗೆ ಮೊದಲು ಬಂದದ್ದು ಅದೇ.

"ಅಣ್ಣ..."

"ಕಿವಿಹರುಕ ಯಜಮಾನಿಕೆ ಮಾಡ್ತಾನೆ ಅಂದೆ. ನನ್ನ ಹೆಂಡ್ತಿ ನಕ್ಕಿದ್ದಳು ಅದಕ್ಕೆ."

"ಮೊದಲು ಭಯ ಇತ್ತು ಅಣ್ಣ, ನಿಜ ಹೇಳಿದ್ರೆ ನೀವು ಬರಲ್ಲ ಅಂತ. ಆಮೇಲೆ ಬಿಟ್ಟು ಹೋಗ್ತೀರಿ ಅಂತ. ಹೇಳೋಣ ಹೇಳೋಣ ಅಂತಿದ್ದೆ, ಹೇಳೋ ಹೊತ್ತೇ ಬರಲಿಲ್ಲ."

"ಇಷ್ಟು ವರ್ಷದಲ್ಲಿ ಒಂದು ಹೊತ್ತು ಬರಲಿಲ್ವಾ? ನೀನು ಓದಿರೋದೆಲ್ಲ ಹೊತ್ತಿನ ಮೇಲೇ ಅಲ್ವಾ?"

ಅವಳು ಅಳುತ್ತಿದ್ದಳು. ಅದು ನಾಟಕವಲ್ಲ ಎಂಬುದೂ ಅವನಿಗೆ ತಿಳಿಯಿತು. ನಾಟಕವಾಗಿದ್ದರೆ ಸುಲಭವಿತ್ತು. "ಕೈ ಕಾಲು ನಡುಗೋ ಕಾಯಿಲೆಯವರು ಇದಾರೆ ಅಣ್ಣ, ಹೊತ್ತಿನ ಅಂದಾಜೇ ತಪ್ಪಿ ಹೋದವರು. ಅವರಿಗೋಸ್ಕರ ನಾವು ಮೆದುಳು ನೋಡಲೇಬೇಕು. ಹೇಗೂ ಸಾಯೋ ಇಲಿಗಳು ಹೆದರ್ದೆ ಸಾಯ್ಲಿ ಅಂತ ನಿಮ್ಮ ಬಟ್ಟೆ ಹಾಸಿದೆ. ಈ ಕಟ್ಟಡದಲ್ಲಿ ಅಷ್ಟು ಸುಖವಾಗಿ ಯಾವ ಪ್ರಾಣಿನೂ ಹೋಗಿಲ್ಲ."

"ಕೋಳಿಗಳೂ ಸುಖವಾಗೇ ಹೋದವು, ನನ್ನ ಕಂಕುಳಲ್ಲಿ. ಅದನ್ನ ಇಡೀ ಲೋಕದಲ್ಲಿ ನಿನಗೊಬ್ಬಳಿಗೇ ಹೇಳಿದ್ದೆ." ಅವನ ದನಿ ಒಡೆಯಿತು. "ಆ ಯಜಮಾನ ನನ್ನ ಕಣ್ಣೆದುರಿಗಾದ್ರೂ ಕುಯ್ದ."

ಬೀಗದ ಕೈ ತೆಗೆದುಕೊಂಡು ಇಳಿದು ಬಂದ. ತಾಳ್ಮೆಯನ್ನು ಕೇಳಲಿಲ್ಲ. ಕೇಳಿದರೆ ಕೊಡುತ್ತಿದ್ದಳೇನೋ. ಆದರೆ ಅವಳಿಂದ ಇನ್ನೊಂದು ವಸ್ತು ಈಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಸಂಜೆ ಹೆಂಡತಿ ಮನೆಗೆ ಬಂದಾಗ ಅವನು ಹಿತ್ತಲಿನ ಗೂಡು ಬಿಚ್ಚುತ್ತಿದ್ದ. ವಿಷಯ ಕೇಳಿ ಅವಳು ಹೊಲಿಗೆಯಂತ್ರದ ಮುಂದೆ ಕುಸಿದು ಕೂತಳು. ಅದರ ಮೇಲೆ ಮುಂದಿನ ಏಪ್ರನ್ ಅರ್ಧ ಹೊಲಿದಿತ್ತು.

"ಉಂಡ ಮನೆ ಜಂತೆ ಎಣಿಸಿದಳಲ್ಲ! ನನ್ನ ಚಾಪೆ ಮೇಲೆ ಮಲಗಿ ಎದ್ದು ಹೋದವಳು. ನಾನು ಹೊಲಿದ ಜೇಬು ಕಣ್ರೀ ಅದು. ಮೆತ್ತಗಿರ್ಲಿ ಅಂತ ಹುಡುಕಿ ಹುಡುಕಿ ಹೊಲಿದೆ." ಯಂತ್ರದಿಂದ ಆ ಬಟ್ಟೆಯನ್ನು ಕಿತ್ತು ತೆಗೆಯುತ್ತ, "ತಾಳಿದವನು ಬಾಳಿಯಾನು ಅಂತ ನಮ್ಮಮ್ಮ ಹೇಳ್ತಿದ್ದಳು. ಇದ್ಯಾವ ಬಾಳು? ನಾಳೆಯಿಂದ ಹೋಗ್ಬೇಡಿ" ಎಂದಳು.

ಮರುದಿನ ಅವನು ಹೋದದ್ದು ಕೆಲಸ ಬಿಡುತ್ತೇನೆಂದು ಹೇಳುವುದಕ್ಕೇ. ಹೇಳುವ ಮುಂಚೆ ಇಲಿಗಳ ಕೋಣೆಗೆ ಹೋದ, ಅಲ್ಲೇ ಎಡವಿದ. ಮುಂದಿನ ಗುಂಪು ಆಗಲೇ ಅವನ ಕೈಗೆ ಹದವಾಗಿತ್ತು. ಅವನು ಬಾಯಿ ತೆರೆಯದಿದ್ದರೂ ಬರುವ ಹೊತ್ತಾಯಿತೆಂದು ಅಳೆದು, ಸಾಲಿಗೆ ಸಾಲೇ ಮುಂಗಾಲೆತ್ತಿ ನಿಂತಿತ್ತು. ಹತ್ತಿಕೈಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಕೇಳಬೇಡಿ. ನಂಬಿ ನಂಬಿ ಕೆಟ್ಟವನಿಗೆ, ಇನ್ನೂ ನಂಬುತ್ತಿರುವವರನ್ನು ಕಂಡರೆ ಬರುವ ಸಿಟ್ಟು ಅದು.

ನಂಬಿಕೆಯನ್ನು ಬಿಡಿಸಿಬಿಡೋಣ ಎಂದುಕೊಂಡ. ಮೂಲೆಯಲ್ಲಿದ್ದ ದಪ್ಪ ತೊಗಲಿನ ಕೈಗವಸು ಹುಡುಕಿ, ಫಿನಾಯಿಲಿನಲ್ಲಿ ಅದ್ದಿ ತೊಟ್ಟ. ಮೊದಲ ಪೆಟ್ಟಿಗೆಯನ್ನು ಧಡಾರನೆ ಎಳೆದು, ಒಳಗಿದ್ದ ಬಿಳಿ ಮರಿಯನ್ನು ಬೆನ್ನು ಹಿಡಿದು ಎತ್ತಿ ಕೆಳಗೆ ಕುಕ್ಕಿದ. ಅದು ಕಿರ್ರೆಂದು ಮೂಲೆಗೆ ಓಡಿತು. "ಕಚ್ಚು, ಕಚ್ಚು ನನ್ನ!" ಎಂದ. ಕೈಗವಸಿನ ಕೈ ಪೆಟ್ಟಿಗೆಯಲ್ಲೇ ಇತ್ತು. ಮರಿ ಅಲ್ಲಿಂದಲೇ ಮೂಸಿತು, ಸೀನಿತು. ಫಿನಾಯಿಲಿನ ಕೆಳಗೆ ಅದಕ್ಕೆ ಏನು ಸಿಕ್ಕಿತೋ, ನಿಧಾನವಾಗಿ ತೆವಳಿ ಬಂದು ಅದೇ ಕೈಗವಸಿನ ಅಂಗೈಯಲ್ಲಿ ಸುರುಳಿ ಸುತ್ತಿ ಕೂತಿತು. ಹತ್ತಿಕೈ ಅಲ್ಲೇ ನೆಲಕ್ಕೆ ಕೂತು, ಹೆಗಲು ಕುಲುಕುವ ಹಾಗೆ ಅತ್ತ.

ಯಾಕೆ ಬಿಡಲಿಲ್ಲ ಎಂದು ಆಮೇಲೆ ಅಳಿಯ ಕೇಳಿದ, ನೆರೆಯವರೂ ಕೇಳಿದರು. ಬಿಟ್ಟು ಹೋಗುವುದು ಹತ್ತಿಕೈಗೆ ಬರುತ್ತಿತ್ತು, ಒಮ್ಮೆ ಬಿಟ್ಟು ಬಂದವನೇ ತಾನೆ? ಆದರೆ ಅವನು ಬಿಟ್ಟ ಮಾತ್ರಕ್ಕೆ ಮೇಲಿನ ಪೆಟ್ಟಿಗೆ ಖಾಲಿ ಕೂರುವುದಿಲ್ಲ. ಹಳೆಯ ಬಟ್ಟೆಗಳು ಅವಳ ಹತ್ತಿರ ಇನ್ನೂ ಎಷ್ಟಿದ್ದವೋ.

ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತಾಗ ಅವನು ಕಣ್ಣೊರೆಸಿಕೊಂಡು ಎದ್ದಿದ್ದ.

"ಇನ್ಮೇಲೆ ಬಟ್ಟೆ ಸಿಗಲ್ಲ," ಎಂದ. "ಇವುಗಳ ಸರದಿ ಬಂದಾಗ ನನ್ನ ಕರೀರಿ. ಆ ಪೆಟ್ಟಿಗೆ ಬೇಡ. ನಾನು ಹಿಡ್ಕೊಂಡಿರ್ತೀನಿ, ನೀವು ಮತ್ತೆ ಏಳದ ಹಾಗೆ ನಿದ್ದೆ ಸೂಜಿ ಹಾಕಿ. ಮೋಸ ಮಾಡೋದಿದ್ರೆ ಮುಖ ತೋರಿಸಿ ಮಾಡ್ಬೇಕು, ಮೇಡಂ."

ಮೇಡಂ ಎಂಬ ಮಾತಿಗೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹತ್ತಿಕೈ ನೋಡಿಯೂ ನೋಡದವನಂತೆ ಪೆಟ್ಟಿಗೆ ತೊಳೆಯಲು ತಿರುಗಿದ. ಅಂದಿನಿಂದ ಅವಳು ಅವನ ಮನೆಯಲ್ಲಿ ಉಣ್ಣಲಿಲ್ಲ, ಅವನೂ ಅವಳೊಡನೆ ಕಾಫಿ ಕುಡಿಯಲಿಲ್ಲ. ಅವಳು ಅಣ್ಣ ಎನ್ನುವುದನ್ನು ಬಿಡಲಿಲ್ಲ, ಅವನು ಆ ಮಾತಿಗೆ ಓಗೊಡುವುದನ್ನು ಬಿಟ್ಟ.

ಸರದಿ ಬಂದಾಗ ಮೊದಲು ಮೇಲೆ ಹೋದದ್ದು ಆ ಬಿಳಿ ಮರಿಯೇ. ಆಗಲೇ ಬೆಳೆದು ದೊಡ್ಡದಾಗಿ, ಪಾಠವನ್ನೆಲ್ಲ ಕಲಿತಿತ್ತು. ಹತ್ತಿಕೈ ಅದನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿದ. ಆ ಮಹಡಿಯಲ್ಲಿ ಎಲ್ಲೋ ಪಾಠದ ಗಂಟೆ ಸದ್ದಾಯಿತು. ಇಲಿ ಕಿವಿ ನಿಮಿರಿಸಿ ಪಟ್ಟಿಗಾಗಿ ಹುಡುಕಿತು. ಸಿಗದೆ, ಅವನ ಹೆಬ್ಬೆರಳಿನ ಮೇಲೆ ಮುಂಗಾಲಿಟ್ಟು, ಕಲಿಸಿದ ಹಾಗೆ, ಕಾಯತೊಡಗಿತು. ಡಾಕ್ಟರಮ್ಮ ಸೂಜಿ ಹಿಡಿದು ನಿಂತಿದ್ದಳು. ಹತ್ತಿಕೈಯ ಇನ್ನೊಂದು ಕೈಯಲ್ಲಿ ಸಕ್ಕರೆ ನೀರಿನ ಬಟ್ಟಲಿತ್ತು. ಇನ್ನೂ ಹೊತ್ತಾಗಿರಲಿಲ್ಲ, ಇಲಿ ಒತ್ತಿಯೂ ಇರಲಿಲ್ಲ. ಅವನು ಬಟ್ಟಲನ್ನು ಅದರ ಬಾಯಿಗೆ ಹಿಡಿದು, "ಕುಡಿ, ಇನ್ನು ಕಾಯ್ಬೇಡ" ಎಂದ.